ಜೋಡಿ ಬಿಡಿಸುವ ಕೆಲಸ

...ಅಲ್ಲ ಮೇಡಂ, ಈ ಹುಳುವಿನ ಕತೆ ನನಗೆ ಮೊದಲು ಹೇಳಿದವರೇ ನೀವು! ಮರೆತುಬಿಟ್ಟಿರಾ? ಲ್ಯಾಬಿಗೆ ಸೇರಿದ ದಿನ ಇದೇ ಸ್ಟೂಲಿನ ಮೇಲೆ ಕೂರಿಸಿ, "ನೋಡಿ, ಮನುಷ್ಯರ ರಕ್ತನಾಳ ಹೊಕ್ಕು ಕಾಯಿಲೆ ತರೋ ಚಪ್ಪಟೆ ಹುಳು" ಅಂತ ತೋರಿಸಿದಿರಿ. ಇವುಗಳ ಬಳಗದಲ್ಲಿ ಮಿಕ್ಕವಕ್ಕೆಲ್ಲ ಒಂದೇ ಮೈಯಲ್ಲಿ ಗಂಡೂ ಹೆಣ್ಣೂ. ಇವು ಮಾತ್ರ ಬೇರೆ ಬೇರೆ ಆದವು. ಬೇರೆಯಾದರೂ ಬಿಟ್ಟಿರಲಾರವು, ಗಂಡು ತನ್ನ ಮೈಯನ್ನೇ ಮಡಿಸಿ, ಹೆಂಡತಿಯನ್ನ ಒಳಗಿಟ್ಟುಕೊಂಡು ಬಾಳೆಲ್ಲ ಹೊರುತ್ತೆ ಅಂದಿರಿ. ಮನೆಗೆ ಹೋಗಿ ನನ್ನಾಕೆಗೆ ಹೇಳಿದೆ. "ನೀವು ತರಕಾರಿ ಚೀಲಾನೇ ಹೊರಲ್ಲ" ಅಂದಳು!

ಯಾಕೆ ನಗ್ತೀರಿ? ನಿಜ ಮೇಡಂ!

ನಾಳಿನ ವಿಜ್ಞಾನಿಗಳ ಸಭೆ ವಿಷಯಕ್ಕೇ ಬಂದೆ. ಜೋಡಿ ಬಿಡಿಸಿ ಗಂಡನ್ನ ಒಂದು ಶೀಶೆಗೆ, ಹೆಣ್ಣನ್ನ ಇನ್ನೊಂದಕ್ಕೆ ಹಾಕೋದು ನನ್ನ ಕೆಲಸ. ಹೆಣ್ಣು ಹುಳುವಿಗೆ ಮಾತ್ರ ಇರೋ ಆ ಕ್ರೋಮೊಸೋಮು ನಮ್ಮ ಹುಳುಗಳಲ್ಲಿ ಅಳಿದು ಹೋಗ್ತಿದೆ, ಹೆಣ್ಣಿನ ಶೀಶೆಯಲ್ಲೇ ಅರ್ಧಕ್ಕರ್ಧ ಕೋಶಗಳಲ್ಲಿ ಅದು ಕಾಣಲ್ಲ... ಇದೇ ತಾನೆ ನಿಮ್ಮ ಸಂಶೋಧನೆ? ದೊಡ್ಡ ಮಾತು, ಸಂತೋಷ. ಆದರೆ "ಎಲ್ಲ ನಿಮ್ಮ ಕೈಗುಣ" ಅಂತ ನನ್ನನ್ನೂ ವೇದಿಕೆಗೆ ಕರೆದಿದ್ದೀರಲ್ಲ... ಅದು ಬೇಡ ಮೇಡಂ. ಯಾರಾದರೂ ಎದ್ದು ನಿಂತು, "ಜೋಡಿ ಹೇಗೆ ಬಿಡಿಸ್ತೀರಿ?" ಅಂತ ಕೇಳಿದರೆ? ಸುಳ್ಳು ನನ್ನ ಬಾಯಿಗೆ ಬರಲ್ಲ.

ಏನು, ಕೈ ನಡುಕವಾ? ಛೇ ಛೇ, ಕೈ ಗಟ್ಟಿ ಇದೆ. ಮನಸ್ಸು... ಚಿಮುಟ ಹಿಡಿದೆ, ದೇವರಾಣೆ! ಮೆಲ್ಲಗೆ ಎಳೆದೆ. ಗಂಡು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಿತು. ನಾನು ಸಂಸಾರಸ್ಥ ಮೇಡಂ! ದಿನಾ ಬೆಳಗ್ಗೆ ದೇವರಿಗೆ ಕೈ ಮುಗಿದು ಬಂದು ಗಂಡ ಹೆಂಡಿರನ್ನ ಅಗಲಿಸೋದಾ?

ಗಂಡಿನ ಶೀಶೆಗೇನೂ ಕೊರತೆ ಮಾಡಲಿಲ್ಲ. ಮದುವೆಯಾಗದ ಒಂಟಿ ಗಂಡುಗಳು ಬೇಕಾದಷ್ಟು ಸಿಗ್ತವೆ, ಆರಿಸಿ ಹಾಕಿದೆ. ಹೆಣ್ಣಿನ ಶೀಶೆಗೆ... ಕೋಶ ತೆಗೆಯೋಕೆ ಹೇಗೂ ಎಲ್ಲಾನೂ ಅರೆಯೋದು ತಾನೆ... ಹೋಗೋದೇ ಆದರೆ ಜೊತೆಯಾಗೇ ಹೋಗಲಿ ಅಂತ ಜೋಡಿ ಬಿಡಿಸದೆ ಹಾಗೇ...

ಮೇಡಂ?

ಈಗಷ್ಟೇ ನಗ್ತಾ ಇದ್ದಿರಲ್ಲ... ಹಾಗೆ ನೋಡಬೇಡಿ. ಆ ಅರ್ಧ ಕೋಶಗಳು... ಅಯ್ಯೋ. ಕ್ರೋಮೊಸೋಮು ಎಲ್ಲೂ ಹೋಗಿಲ್ಲ, ಅಲ್ವಾ? ಅವು ಗಂಡಂದಿರ ಕೋಶ...

ಬೈಯಿರಿ ಮೇಡಂ. ಏನಾದರೂ ಅನ್ನಿ. ಕೆಲಸದಿಂದ ತೆಗೆದರೂ ಸರಿ... ಆದರೆ ಸಭೆ ತಪ್ಪಿಸಬೇಡಿ. ಹೋಗಿ, ನಡೆದದ್ದನ್ನ ನಡೆದ ಹಾಗೇ ಹೇಳಿಬಿಡಿ. ಹೆಂಡತಿಯ ಬಗ್ಗೆ ಏನೇ ತೀರ್ಮಾನ ಮಾಡೋ ಮುಂಚೆ, ಒಳಗೆ ಗಂಡ ಸೇರಿಕೊಂಡಿದಾನಾ ಅಂತ ಒಮ್ಮೆ ನೋಡಿಕೊಳ್ಳಲಿ. ಕೇಳಿದವರು ಅವರವರ ಲ್ಯಾಬಿನಲ್ಲೂ ಹೇಳಲಿ.

ನನ್ನ ಹೆಸರು ಹಾಕಿಯೇ ಹೇಳಿ, ಪರವಾಗಿಲ್ಲ.