ಡ್ರಿಲ್ ಮಾಸ್ಟರ್ ಹೆಂಡತಿಯ ವ್ಯಾಯಾಮ

ಥೂ! ಇದನ್ನ ವ್ಯಾಯಾಮ ಅಂತೀರಾ ಡಾಕ್ಟರ್ ಮೇಡಂ? ಕುರ್ಚಿಯಿಂದ ಏಳು, ಕೂತ್ಕೋ. ಐದು ಸಲ. ಆಮೇಲೆ ವಿಶ್ರಾಂತಿ! ಐದಕ್ಕೇ ವಿಶ್ರಾಂತಿ! ಇಪ್ಪತ್ತೆಂಟು ವರ್ಷದಿಂದ ಡ್ರಿಲ್ ಮಾಸ್ಟರ್ ನಾನು. ನಮ್ಮ ಸ್ಕೂಲಲ್ಲಿ ಯಾವನಾದ್ರೂ ಹಿಂಗೆ ಮಾಡಿದ್ರೆ ಗ್ರೌಂಡ್ ಸುತ್ತಿಸಿಬಿಡ್ತಿದ್ದೆ.

ಯಾಕೆ ನಗ್ತೀರಿ? ನಗಿ, ನಗಿ. ನನ್ನ ಹೆಂಡತೀನೂ ಮೊದಮೊದಲು ನಕ್ಕಳು. ಈಗ ನೋಡಿ, ಪಕ್ಕದ ರೂಮಲ್ಲಿ ಕೂತು ನಿಮ್ಮ ನರ್ಸಮ್ಮನ ಹತ್ರ ನನ್ನ ಮೇಲೆ ಚಾಡಿ ಹೇಳ್ತಿರ್ತಾಳೆ.

ಅವಳಿಗೆ ಬಂದಿರೋ ಈ ಎಂ.ಎಸ್. ಕಾಯಿಲೆ ಅಂದ್ರೆ ಏನು ಅಂತ ನಂಗೂ ಗೊತ್ತು. ನರದ ಮೇಲಿನ ಪೊರೆ ಹಾಳಾಗುತ್ತೆ, ತಲೆ ಹೇಳಿದ್ದು ಕಾಲಿಗೆ ಮುಟ್ಟಲ್ಲ. ನೀವೇ ಹೇಳಿದ್ರಲ್ಲ? ಸರಿ, ಹಂಗಿದ್ಮೇಲೆ ಇನ್ನೂ ಜೋರಾಗಿ ಹೇಳ್ಬೇಕು ತಾನೇ ಆ ಕಾಲಿಗೆ? ಅದು ಬಿಟ್ಟು... ಫ್ಯಾನ್ ಕೆಳಗೆ ಮಾಡಿಸಿ, ಕತ್ತಿಗೆ ಒದ್ದೆ ಟವೆಲ್ ಹಾಕಿ, ಮೈ ಬಿಸಿಯಾಗಬಾರದು, ಸುಸ್ತಾಗೋಕೆ ಮುಂಚೆ ನಿಲ್ಲಿಸಿ... ಛೀ, ಅಸಹ್ಯ! ಬೆವರೇ ಬರದ ಮೇಲೆ ಅದೆಂಥಾ ಕಸರತ್ತು?

ಮಾಡಿಸ್ತಿದ್ದೀನಿ ಮೇಡಂ, ಮಾಡಿಸ್ತಿದ್ದೀನಿ! ನೀವು ಕೊಟ್ಟ ಚೀಟಿಯಲ್ಲಿ ಇರೋ ಹಂಗೇ. ನೋಡಿ, ದಿನಾ ಟಿಕ್ ಹಾಕಿದ್ದೀನಿ. ಏನು... ಮೂರು ವಾರದ್ದೂ ಒಂದೇ ಪೆನ್ನಾ? ನಮ್ಮನೇಲಿರೋದೇ ಒಂದು ಪೆನ್ನು!

ಅವಳ ಮೊಣಕೈ ಗಾಯಾನಾ? ಅದು... ಬಚ್ಚಲಲ್ಲಿ ಜಾರಿದ್ಲು. ಗಲ್ಲದ ಗಾಯಾನೂ ಅದೇ. ಅದೇ ಬಚ್ಚಲು.

ಯಾಕೆ ಹಂಗೆ ನೋಡ್ತೀರಿ?

...ಸರಿ. ಮೆಟ್ಟಿಲು. ನಾಲ್ಕು ಮೆಟ್ಟಿಲು ಹತ್ತಿಸಿದೆ, ಅಷ್ಟೇ. ಅಲ್ಲ, ಮಹಡಿ ತನಕ. ಮೂರು ಸಲ. ಮಧ್ಯಾಹ್ನ... ಬಿಸಿಲಿತ್ತು, ಹೌದು ಕಣ್ರೀ, ಬಿಸಿಲಿತ್ತು! ಹೋದ ವರ್ಷ ಅದೇ ಮೆಟ್ಟಿಲನ್ನ ಒಗೆದ ಬಟ್ಟೆ ಬಕೆಟ್ ಹೊತ್ಕೊಂಡು, ಹಾಡು ಹೇಳ್ಕೊಂಡು ಹತ್ತೋಳು. ಈಗ ಗೋಡೆ ಹಿಡ್ಕೊಂಡು ತಡವರಿಸೋದು ನೋಡಿದ್ರೆ... ಹೇಸಿಗೆ ಆಗುತ್ತೆ ನಂಗೆ. ಹೆದರಿಕೇನೂ ಆಗುತ್ತೆ. ಯಾವುದು ಯಾವುದು ಅಂತಾನೇ ಗೊತ್ತಾಗಲ್ಲ.

ಬೈಯಿರಿ ಬೇಕಾದ್ರೆ.

"ಕಾಲು ನಂದಲ್ಲ ಅನ್ನಿಸ್ತಿದೆ ರೀ, ಕಣ್ಣು ಮಂಜಾಗ್ತಿದೆ" ಅಂದ್ಲು. ನಾಟಕ ಅಂದ್ಕೊಂಡೆ. ಹುಡುಗರು ಹೇಳಲ್ವಾ, ಹೊಟ್ಟೆನೋವು ಸಾರ್, ಹೊಟ್ಟೆನೋವು ಸಾರ್ ಅಂತ... ಸೀಟಿ ಊದಿದೆ. ಕಟ್ಕೊಂಡ ಹೆಂಡತಿಗೆ, ಸ್ಕೂಲಿನ ಸೀಟಿ! ಥೂ ನನ್ನ ಜನ್ಮಕ್ಕೆ! ಬಿದ್ಲು. ಬಿದ್ದ ಮೇಲೂ ಕೈ ಕೊಡದೆ ಎಣಿಸ್ತಾ ನಿಂತಿದ್ದೆ, ಹತ್ತರೊಳಗೆ ಎದ್ದೇಳ್ತಾಳೆ ಅಂತ. ನಲವತ್ತರ ತನಕ ಎಣಿಸಿದೆ ಮೇಡಂ.

ಎಲ್ಲಾ ಹೇಳಿರಬೇಕಲ್ಲ ಅವಳು, ಆಗಲೇ? ಆ ನರ್ಸಮ್ಮ ಬರೆದುಕೊಟ್ಟ ಹಾಳೆ, ನಿಮ್ಮ ಕೈಯಲ್ಲಿರೋದು... ಅದರಲ್ಲಿ ಇರಬೇಕಲ್ಲ?

ಯಾಕೆ ನನ್ನ ಕಡೆ ತಿರುಗಿಸ್ತೀರಿ? ಓದ್ಲಾ?

ಬಚ್ಚಲಲ್ಲಿ... ಬಚ್ಚಲಲ್ಲಿ ಜಾರಿದೆ ಅಂತಾನೇ ಬರೆಸಿದ್ದಾಳೆ.