ಗಾಳಿ ಬಂದ ದಿಕ್ಕು

ಹೆಬ್ಬಾಳದ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತೇಬಿಟ್ಟಿತ್ತು. ಹೊಲಿಗೆ ಕೆಲಸಕ್ಕೆ ಹೊರಟಿದ್ದ ಶಶಿರೇಖಾ ಕಿಟಕಿಯತ್ತ ಮುಖ ಮಾಡಿದ್ದರೂ ಅವಳ ಕಿವಿ ಹಿಂದಿನ ಸೀಟಿನಲ್ಲಿತ್ತು. ಅಲ್ಲಿ ಒಬ್ಬ ಹುಡುಗ ಮತ್ತು ಅವನ ಆಫೀಸಿನ ಮೇಡಂ ಲ್ಯಾಪ್‌ಟಾಪ್ ನೋಡುತ್ತಿದ್ದರು.

"ಹೇಮಂತ, ನಿನ್ನ ಮ್ಯಾಪಲ್ಲಿ ಹಡಗಿಂದ ಸೋರಿದ ಎಣ್ಣೆ ಸಮುದ್ರದ ಒಳಕ್ಕೆ ಹೋಗ್ತಿದೆಯಲ್ಲೋ. ಗಾಳಿ ಯಾವುದು?"

"ಪಶ್ಚಿಮದ್ದು ಮೇಡಂ."

"ಪಶ್ಚಿಮದ ಗಾಳಿ ಅಂದ್ರೆ ಪಶ್ಚಿಮದಿಂದ ಬರೋದು ಕಣೋ. ಎಣ್ಣೆನ ಪೂರ್ವಕ್ಕೆ, ದಡಕ್ಕೆ ತಳ್ಳಬೇಕು. ಪ್ರೋಗ್ರಾಮಲ್ಲಿ ದಿಕ್ಕು ತಿರುಗಿಸೋ ಫಂಕ್ಷನ್ ಎಲ್ಲಿ?"

"ನೀರಿನ ಹರಿವಿಗೆ ಅದು ಹೋಗೋ ದಿಕ್ಕನ್ನೇ ಬರೀತಾರಲ್ರಿ. ಗಾಳಿಗೂ ಹಂಗ ಅನ್ಕೊಂಡು ಆ ಫಂಕ್ಷನ್ ತೆಗದೆ. ನಾಲ್ಕೇ ಸಾಲಿತ್ತು."

"ಮ್ಯಾಪ್ ಕಳಿಸಿದ್ಯಾ?"

"ಮುಂಜಾನೇನ. ಅದನ್ನ ನೋಡಿ ಬಂದರಿನವರು ದಡದಾಗ ಎಣ್ಣೆಗೆ ತಡೆ ಹಾಕೋದು ನಿಲ್ಲಿಸ್ಯಾರ."

"ಎಣ್ಣೆ ದಡ ಮುಟ್ಟೋಕೆ ಎಷ್ಟೊತ್ತು?"

"ಮೂರು ತಾಸು. ಮೀನುಗಾರರ ಬಲೆ ಎಲ್ಲಾ ನೀರಾಗ ಅದಾವ್ರಿ. ಆಫೀಸಿಗೆ ಹೋಗಿ ಸರಿ ಮಾಡಿ ಕಳಿಸ್ಲೇನ್ರಿ?"

"ಈ ಬಸ್ಸಲ್ಲಿ ಹೋಗಿ? ಈಗ್ಲೇ ಫೋನ್ ಮಾಡು."

"ನನ್ನ ಕೆಲಸ ಹೋಗ್ತದ್ರಿ."

ಮೇಡಂ ಲ್ಯಾಪ್‌ಟಾಪ್ ಮುಚ್ಚಿ, ಅವನ ಫೋನನ್ನು ಅವನ ಕಡೆ ಸರಿಸಿದರು.

ಬಾಗಿಲು ತೆರೆಸಿ ಇಬ್ಬರೂ ಇಳಿದರು. ಶಶಿರೇಖಾಳ ಕಿಟಕಿಯ ಕೆಳಗೇ ಹುಡುಗ ಬಂದರಿಗೆ ಫೋನ್ ಮಾಡಿ, ಒಂದು ಕಿವಿ ಮುಚ್ಚಿಕೊಂಡು ನಿಂತ.

"ಸರ್, ತಡೆ ಹಾಕಿಸ್ರಿ. ಎಣ್ಣೆ ದಡಕ್ಕೇ ಬರ್ತದ. ತಪ್ಪು ನಂದೇ. ಹೇಮಂತ ಅಂತ ಬರ್ಕೊಳ್ರಿ."

ಬಸ್ಸು ಹೊರಟಿತು.