ಮುಂದಿನ ವ್ಯಾಗನ್ನಿಗೆ ಟಿಕೆಟ್ ಇಲ್ಲ

...ಇಳಿ ಅಂದ್ರೆ ಇಳೀಬೇಕು, ಚಾನ್ನಿ! ಮಾವ ಹೇಳ್ತಾ ಇದ್ದೀನಿ. ಬಸುರಿ ಹೆಂಗಸು, ಎಂಜಿನ್ ಮುಂದೆ ದಬ್ಬೋ ಈ ಬೋಳು ವ್ಯಾಗನ್ ಮೇಲೆ ಕಾಲು ಇಳಿಬಿಟ್ಕೊಂಡು ಕೂತಿದ್ದೀಯಲ್ಲ! ಹಿಂದಿನ ಡಬ್ಬಿಗೆ ಹೋಗು. ಟಿಕೆಟ್ ನಾನು ತೆಗಿಸ್ತೀನಿ.

ಯಾಕೆ ನಗ್ತೀಯ? ಹೌದಮ್ಮ, ನಾನೂ ಇದರ ಮೇಲೇ ಓಡಾಡಿದೋನು. ಪೂರ್ಸತ್ ಸ್ಟೇಷನ್ನಲ್ಲಿ ಇದಕ್ಕೆ ಟಿಕೆಟ್ ಇಲ್ಲ ಅಂತ ಎಲ್ಲರಿಗೂ ಗೊತ್ತು. ಯಾಕಿಲ್ಲ ಅಂತಾನೂ ಗೊತ್ತು. ಹಳಿ ಕೆಳಗೆ ಬಾಂಬಿದ್ರೆ ಮೊದಲು ಇದು ಹಾರಬೇಕು, ಎಂಜಿನ್ ಉಳೀಬೇಕು. ಎಂಜಿನ್ನಿಗೆ ಬೆಲೆ ಇದೆ. ನಮಗೆ? ಪುಕ್ಕಟೆ ಕರ್ಕೊಂಡು ಹೋಗ್ತಾರೆ! ಧರ್ಮ ಅಂದ್ಕೊಂಡ್ಯಾ? ಅಧಿಕಾರಿಗಳು ಹಿಂದೆ ಕೂತು ನಿದ್ದೆ ಹೊಡೀತಾರೆ. ನಾವು ಮುಂದೆ ಕೂತು, ದಾರಿ ಸರಿ ಇದೆಯಾ ಅಂತ ನಮ್ಮ ತಿಕದಲ್ಲಿ ಪರೀಕ್ಷೆ ಮಾಡ್ಬೇಕು!

ಸರ್ಕಾರದೋರಿಗೂ ಈ ಹಳಿ ಬೇಕು, ಬಂಡೆದ್ದ ಕಾಡಿನೋರಿಗೂ ಬೇಕು. ಹಳಿ ಯಾರ ಕೈಲಿದೆಯೋ ಅವರ ಸೈನ್ಯಕ್ಕೆ ಅಕ್ಕಿ, ಅವರ ಬಂದೂಕಿಗೆ ಗುಂಡು, ಕಾಂಬೋಡಿಯಾನೂ ಅವರದ್ದೇ. ಹಳಿ ಮೇಲೆ ಕೂತೋರು ಮಾತ್ರ ಯಾರಿಗೂ ಬೇಡ. ರೈಲ್ವೆ ಗ್ಯಾಂಗಿನಲ್ಲಿ ಬೋಲ್ಟ್ ಬಿಗಿದೂ ಬಿಗಿದೂ ಮುದುಕನಾದೆ, ನನಗೆ ಗೊತ್ತಿಲ್ವಾ?

ನನ್ನ ಕುತ್ತಿಗೆ ಏನು ನೋಡ್ತೀಯ? ಬೆವರು. ಸೆಕೆ ಅಲ್ವಾ, ಅದಕ್ಕೇ ಈ ಕ್ರಮಾ ಬಟ್ಟೆ ಸುತ್ಕೊಂಡಿದ್ದೀನಿ.

ನರೇತ್ ಎಲ್ಲೂ ಹೋಗಿಲ್ಲ... ಅಂದ್ರೆ, ಬಟ್ಟಂಬಾಂಗ್‌ಗೇ ಹೋಗಿದ್ದಾನೆ, ಹೇಳಿದ್ನಲ್ಲ! ಇಟ್ಟಿಗೆ ಗೂಡಲ್ಲಿ ಕೆಲಸ. ಹೊಸ ವರ್ಷದ ಹಬ್ಬಕ್ಕೆ ಗಂಡ ಬರ್ಲಿಲ್ಲ ಅಂತ ಹುಡುಕ್ಕೊಂಡು ಹೊರಡೋದಾ? ನಾಳೆ ಹೋಗು. ನಾಡಿದ್ದು ಹೋಗು. ಇವತ್ತು ಬೇಡ... ಯಾಕೆ ಅಂದ್ರೆ? ನಾನು ಹೇಳ್ದೆ ಅಂತ!

ಏನಜ್ಜೀ, ಮೀನಿನ ಗಡಿಗೆ ತಬ್ಕೊಂಡು ಕಿಸೀತಿದ್ದೀಯ? ಮಾವ ಸೊಸೆ ಜಗಳ ತಮಾಷೆಯಾ? ನೀನೂ ಇಳಿ! ಎಲ್ಲಾ ಇಳೀರಿ... ಇಲ್ಲ, ಏನಿಲ್ಲ ಸಿಪಾಯಣ್ಣ, ಮನೆ ಜಗಳ. ಏನಿಲ್ಲ.

ಯಾಕೆ ಸರೀತೀಯ ಚಾನ್ನಿ? ಜಾಗ... ನನಗಾ? ನಾನೆಲ್ಲಿ ಬರ್ಲಿ! ಗ್ಯಾಂಗಿನ ಕೆಲಸ ಇದೆ... ಹೌದು, ಹಬ್ಬ. ರಜೆ. ಹಾಗಂತ...

ಬಿಡು. ಕ್ರಮಾ ಬಿಡು, ಕತ್ತು ಬಿಗೀತದೆ! ಊರವರೆಲ್ಲರ ಹೆಗಲ ಮೇಲಿರೋ ಚೌಕಳಿ ಬಟ್ಟೆ ಇದು, ಎಲ್ಲಾ ಒಂದೇ ಥರ... ಅಂಚಿಗೆ ಹಸಿರು ನೂಲು... ನೀನು ನರೇತ್‌ಗೆ ಹೊಲಿದು ಕೊಟ್ಟಿದ್ದಾ?

ಬೈಯಿ. ಮುಖಕ್ಕೆ ಉಗಿ. ಆ ನೂಲನ್ನ ಹಾಗೆ ಸವರಬೇಡ ತಾಯಿ...

ಕಾಡಿನೋರು ಅವನನ್ನ ಹಿಡ್ಕೊಂಡಿದ್ದಾರೆ, ಇದನ್ನ ಕೊಟ್ಟು ಕಳಿಸಿದ್ರು. ಬದುಕಿದ್ದಾನೆ ಅನ್ನೋದಕ್ಕೆ ಗುರುತು. ಗ್ಯಾಂಗಿನೋನು ಹಳಿ ಕೆಳಗೆ ಅಗೆದ್ರೆ ಯಾರು ಕೇಳ್ತಾರೆ, ಹೇಳು? ಸೇತುವೆ ದಾಟಿದ ತಕ್ಷಣ... ಈ ಗಾಡಿ ಹಾರಿದ ಮೇಲೆ ಅವನನ್ನ ಬಿಡ್ತಾರಂತೆ. ನಾನು ಬಾಯಿ ಬಿಟ್ರೆ ಅವನಿಲ್ಲ.

ಸೀಟಿ ಆಯ್ತು! ಇಳಿ! ಅಜ್ಜಿ ಕೈ ಯಾಕೆ ಹಿಡ್ಕೊಂಡೆ? ಅಜ್ಜಿ ನಿನಗೇನಾಗ್ಬೇಕು? ಅಲ್ಲಿರೋನು ನಿನ್ನ ಗಂಡ ಕಣೇ! ನನ್ನ ಮಗ! ಆ ಕೈ ಬಿಡು... ಅಲ್ಲಾಡ್ತು. ಗಾಡಿ ಅಲ್ಲಾಡ್ತು. ಚಾನ್ನೀ...

ಡ್ರೈವರಣ್ಣಾ! ನಿಲ್ಸೋ! ನಿಲ್ಸೋ ಗಾಡೀನ! ಹಳಿ ಕೆಳಗೆ ಇಟ್ಟೋನು ನಾನೇ ಕಣೋ... ನಾನೇ!